ಅಮ್ಮನಿಗೂ ಒಂದು ಭಾನುವಾರ



ಕೆಲವು ವರ್ಷಗಳ ಹಿಂದೆ ನಾನು ಮೂಡಿಗೆರೆ ಸೀಮೆಯ ಒಂದು ಧರ್ಮಕೇಂದ್ರದಲ್ಲಿದ್ದಾಗ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ. ಅಕ್ಟೋಬರ್ ತಿಂಗಳ ಕೊನೆ. ಮಳೆ ಹಿಂದೆ ಸರಿದಿತ್ತು, ಕಾಫಿ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಎಲ್ಲ ಕುಟುಂಬಗಳೂ ಸೇರಿ ಹೊಳೆಯ ದಡಕ್ಕೆ ಪಿಕ್ನಿಕ್ ಹೋಗೋಣವೆಂದು ನಾನೇ ಸೂಚಿಸಿದೆ. ಮಕ್ಕಳಿಗೆ ಓಟದ ಪಂದ್ಯ, ಯುವಕರಿಗೆ ವಾಲಿಬಾಲ್, ಹಿರಿಯರಿಗೆ ಹಾಡು, ಹರಟೆ. ಮಧ್ಯಾಹ್ನ ಕಡುಬು, ಕೋಳಿಸಾರು, ಪಾಯಸದ ಭರ್ಜರಿ ಊಟ. ಸಂಜೆ ಮನೆಗೆ ಹೊರಟವರೆಲ್ಲ "ಬಹಳ ಚೆನ್ನಾಗಿತ್ತು ಫಾದರ್" ಎಂದು ಹೇಳಿ ಹೋದರು. ನನಗೂ ಒಳಗೊಳಗೇ ಹೆಮ್ಮೆ.

ತೊಳೆದ ಪಾತ್ರೆಗಳನ್ನು ಜೀಪಿಗೆ ತುಂಬುತ್ತಿದ್ದ ಒಬ್ಬ ತಾಯಿಯನ್ನು ಕಂಡು, "ಹೇಗಿತ್ತಮ್ಮ ಪಿಕ್ನಿಕ್ಕು?" ಎಂದು ಕೇಳಿದೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕರು. "ಚೆನ್ನಾಗಿತ್ತು ಫಾದರ್. ಬೆಳಗಿನ ಜಾವ ಮೂರು ಗಂಟೆಗೆ ಎದ್ವಿ. ದಿನಾ ಐದು ಜನಕ್ಕೆ ಬೇಯಿಸ್ತಿದ್ದೆ, ಇವತ್ತು ನೂರೈವತ್ತು ಜನಕ್ಕೆ ಬೇಯಿಸಿದೆ. ನಮಗೆ ಭಾನುವಾರ ಅಂದ್ರೆ ಎರಡು ಸೋಮವಾರ ಒಟ್ಟಿಗೆ ಬಂದ ಹಾಗೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಿಶ್ರಾಂತಿಯ ದಿನದ ಬಗ್ಗೆ ಪೀಠದಿಂದ ಎಷ್ಟೋ ಸಲ ಬೋಧಿಸಿದ್ದ ನಾನು, ಧರ್ಮಕೇಂದ್ರದ ಅರ್ಧದಷ್ಟು ಜನರಿಂದ ಆ ದಿನವನ್ನು ಕಿತ್ತುಕೊಂಡಿದ್ದೆ. ಅದೂ ಸಂತೋಷದ ಹೆಸರಿನಲ್ಲಿ!

ವಾರಾಂತ್ಯವನ್ನು ಹೇಗೆ ಕಳೆಯಬೇಕು, ಯಾವ ಹವ್ಯಾಸ ಒಳ್ಳೆಯದು, ಎಲ್ಲಿಗೆ ಹೋಗಬೇಕು ಎಂದು ಅನೇಕರು ಕೇಳುತ್ತಾರೆ. ಈ ಪ್ರಶ್ನೆಗಳಿಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕೆಂದು ಆ ತಾಯಿ ನನಗೆ ಕಲಿಸಿದರು: ನಮ್ಮ ಮನೆಯ ಬಿಡುವಿನ ದಿನದಲ್ಲಿ ಯಾರಿಗೆ ಬಿಡುವು?

ಒಂದು ಸಣ್ಣ ಲೆಕ್ಕ

ನಿಮ್ಮ ಮಗುವಿಗೆ ಈಗ 6 ವರ್ಷ ಎಂದಿಟ್ಟುಕೊಳ್ಳಿ. ಹತ್ತನೇ ತರಗತಿ ಮುಗಿಸುವಾಗ 16 ವರ್ಷ. ಅಲ್ಲಿಂದಾಚೆಗೆ ನಮ್ಮ ಮಲೆನಾಡಿನ ಎಷ್ಟೋ ಮಕ್ಕಳು ಮಂಗಳೂರು, ಬೆಂಗಳೂರು, ಮೈಸೂರುಗಳ ಹಾಸ್ಟೆಲ್ ಸೇರುತ್ತಾರೆ. ಮತ್ತೆ ಅವರು ಮನೆಗೆ ಬರುವುದು ನೆಂಟರಂತೆ. ವರ್ಷಕ್ಕೆ 52 ವಾರದಂತೆ ಈ ಹತ್ತು ವರ್ಷಕ್ಕೆ 520 ಭಾನುವಾರಗಳು. ಕೊಯ್ಲಿನ ಮೂರು ತಿಂಗಳನ್ನು ಕಳೆಯಿರಿ. ವರ್ಷಕ್ಕೆ 13ರಂತೆ 130 ಹೋದವು. ಸುರಿಮಳೆಯ ಮೂರು ತಿಂಗಳನ್ನು ಕಳೆಯಿರಿ. ಇನ್ನೂ 130 ಹೋದವು. ಉಳಿದವು 260. ಇವುಗಳಲ್ಲೇ ಮದುವೆ, ಗೃಹಪ್ರವೇಶ, ಪರೀಕ್ಷೆ, ಕಾಯಿಲೆ ಎಲ್ಲವೂ ಬರಬೇಕು.

ತೋಟದಲ್ಲಿ ಎಷ್ಟು ಗಿಡ ಇದೆಯೆಂದು ನಮಗೆ ಗೊತ್ತು. ಕಣದಲ್ಲಿ ಎಷ್ಟು ಮೂಟೆ ಒಣಗಿದೆಯೆಂದು ಗೊತ್ತು. ಮಕ್ಕಳೊಡನೆ ನಮಗೆ ಸಿಗುವ ಭಾನುವಾರಗಳನ್ನು ಎಣಿಸಿದವರು ಎಷ್ಟು ಮಂದಿ?

ಈ ರಜೆ ಸುಮ್ಮನೆ ಬಂದದ್ದಲ್ಲ

ವಾರಕ್ಕೊಂದು ಬಿಡುವು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರವಾಗಿ ತಾನಾಗಿಯೇ ಮೂಡಿದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ. ಬೈಬಲಿನ ಧರ್ಮೋಪದೇಶಕಾಂಡವನ್ನು ತೆರೆದು ಸಬ್ಬತ್ ದಿನದ ಕಟ್ಟಳೆಯನ್ನು ನಿಧಾನವಾಗಿ ಓದಿ. ಆ ಬಿಡುವು ಮನೆಯ ಯಜಮಾನನೊಬ್ಬನಿಗೆ ಕೊಟ್ಟದ್ದಲ್ಲ. ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಮನೆಯಲ್ಲಿ ತಂಗಿದ ಪರದೇಶಿ ಎಲ್ಲರನ್ನೂ ಅಲ್ಲಿ ಒಬ್ಬೊಬ್ಬರಾಗಿ ಎಣಿಸಲಾಗಿದೆ. ಕಾರಣವನ್ನೂ ಹೇಳಿದೆ: ಇಸ್ರಯೇಲರು ತಾವೇ ಒಂದು ಕಾಲದಲ್ಲಿ ಈಜಿಪ್ಟಿನಲ್ಲಿ ಬಿಡುವಿಲ್ಲದೆ ದುಡಿದ ಗುಲಾಮರಾಗಿದ್ದರು. ದಣಿವು ಏನೆಂದು ಬಲ್ಲವನು ಇನ್ನೊಬ್ಬನ ದಣಿವನ್ನು ಮರೆಯಬಾರದು.

ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನ್ಯಾಯಾಧೀಶರೂ ಪಟ್ಟಣಿಗರೂ ಕಸುಬುದಾರರೂ ಭಾನುವಾರ ಕೆಲಸ ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿದನು. ಆದರೆ ಬೇಸಾಯಗಾರರಿಗೆ ವಿನಾಯಿತಿ ಕೊಟ್ಟನು. ಬಿತ್ತನೆಯ ಹದ, ದ್ರಾಕ್ಷಿ ನೆಡುವ ಹದ ಒಮ್ಮೆ ತಪ್ಪಿದರೆ ಮತ್ತೆ ಸಿಗದು ಎಂಬುದು ಅದಕ್ಕೆ ಕಾರಣ. ಇದನ್ನು ಓದಿ ನಮ್ಮ ಬೆಳೆಗಾರರು "ನೋಡಿ ಫಾದರ್, ನಮಗೆ ಆಗಲೇ ರಿಯಾಯಿತಿ ಇತ್ತು" ಎನ್ನಬಹುದು. ನಿಜ, ಹಣ್ಣು ಉದುರುವಾಗ ಭಾನುವಾರವೆಂದು ಕೈಕಟ್ಟಿ ಕೂರಲಾಗದು. ಆದರೆ ಹದದ ವಿನಾಯಿತಿ ಹದಕ್ಕೆ ಮಾತ್ರ. ವರ್ಷದ 52 ವಾರವೂ ಹದವಿರುವ ತೋಟ ಲೋಕದಲ್ಲಿ ಎಲ್ಲೂ ಇಲ್ಲ.

ನಮ್ಮ ದೇಶದ ವಿಚಾರ ನೋಡಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರಿಗೆ ವಾರದ ರಜೆಯೇ ಇರಲಿಲ್ಲ. 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಳ ಕಾಲ ಹೋರಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಕಾಫಿ, ಚಹಾ ತೋಟಗಳ ಕೆಲಸಗಾರರಿಗಾಗಿ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆಯು ಏಳು ದಿನಕ್ಕೊಂದು ವಿಶ್ರಾಂತಿಯ ದಿನಕ್ಕೆ ದಾರಿ ಮಾಡಿತು. ಕಾರ್ಮಿಕರಿಗೂ ಅಲ್ಲಿ ದುಡಿಯುವ ಮಕ್ಕಳಿಗೂ ಆಟ ಮನರಂಜನೆಯ ಸೌಲಭ್ಯ ಇರಬೇಕೆಂಬ ಮಾತು ಸಹ ಅದರಲ್ಲಿತ್ತು. ಲೈನು ಮನೆಯ ಮಕ್ಕಳ ಆಟವೂ ಕಾನೂನು ಗಮನಿಸಬೇಕಾದ ವಿಷಯವೆಂದು ಅಂದಿನವರಿಗೆ ಹೊಳೆದಿತ್ತು. ಹೀಗೆ ಬೇರೆಯವರು ಹೋರಾಡಿ ತಂದುಕೊಟ್ಟ ದಿನವನ್ನು ನಾವು ಹಾಸಿಗೆಯಲ್ಲೋ, ಫೋನಿನ ಮುಂದೆಯೋ, ಬಾಟಲಿಯ ಜೊತೆಯೋ ಕಳೆದುಬಿಟ್ಟರೆ ಹೇಗೆ?

ಬಿಗಿದ ಬಿಲ್ಲು

ವಿಶ್ರಾಂತಿ, ಆಟ, ಹವ್ಯಾಸ ಇವೆಲ್ಲ ಸೋಮಾರಿಗಳ ವಿಷಯ ಎಂದು ತಿಳಿದವರು ನಮ್ಮಲ್ಲಿದ್ದಾರೆ. ಹದಿಮೂರನೇ ಶತಮಾನದ ಮಹಾಜ್ಞಾನಿ ಸಂತ ತೋಮಸ್ ಅಕ್ವಿನಾಸರು ಆಟವಿನೋದದ ಬಗ್ಗೆ ಬರೆಯುತ್ತಾ ಹಳೆಯ ಕತೆಯೊಂದನ್ನು ನೆನೆಯುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮೂಗು ಮುರಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಯೊವಾನ್ನರು ಅವನಿಗೆ ಬಾಣ ಹೂಡಲು ಹೇಳಿದರು. ಅವನು ಒಂದರ ಮೇಲೊಂದು ಬಾಣ ಬಿಟ್ಟ. "ಹೀಗೆ ಎಡೆಬಿಡದೆ ಬಿಡುತ್ತಲೇ ಇರಬಲ್ಲೆಯಾ?" ಎಂದು ಕೇಳಿದರು. "ಇಲ್ಲ, ಬಿಲ್ಲು ಮುರಿದುಹೋಗುತ್ತದೆ" ಎಂದ. ಮನುಷ್ಯನ ಮನಸ್ಸೂ ಹಾಗೆಯೇ, ಸಡಿಲಿಸದಿದ್ದರೆ ಮುರಿಯುತ್ತದೆ ಎಂದು ಯೊವಾನ್ನರು ತಿಳಿಹೇಳಿದರು. ಆಟದಲ್ಲೂ ಒಂದು ಸದ್ಗುಣವಿದೆ ಎಂಬುದು ಅಕ್ವಿನಾಸರ ಅಭಿಪ್ರಾಯ. ಅತಿಯಾದ ಆಟ ದೋಷವಾದರೆ, ಆಟವೇ ಇಲ್ಲದ ಗಂಟುಮುಖವೂ ಒಂದು ದೋಷವೇ.

ಇನ್ನೊಂದು ಸ್ವಾರಸ್ಯ ಕೇಳಿ. ಬಿಡುವಿಗೆ ಹಳೆಯ ಗ್ರೀಕರು 'ಸ್ಕೊಲೆ' ಎನ್ನುತ್ತಿದ್ದರು. ನಾವು ಇಂದು ದಿನಬಳಕೆಯಲ್ಲಿ ಹೇಳುವ 'ಸ್ಕೂಲು' ಆ ಮಾತಿನಿಂದಲೇ ಬಂದದ್ದು. ಬಿಡುವಿದ್ದಾಗ ಮನುಷ್ಯ ಸುತ್ತಲಿನದನ್ನು ನೋಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ಕಲಿಯುತ್ತಾನೆ. ಪ್ರಭು ಯೇಸು ಸಹ, ಊಟಕ್ಕೂ ಪುರುಸೊತ್ತಿಲ್ಲದಂತೆ ದುಡಿದು ಬಂದ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಕರೆದು ಸ್ವಲ್ಪ ದಣಿವಾರಿಸಿಕೊಳ್ಳಲು ಹೇಳಿದ್ದನ್ನು ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಓದುತ್ತೇವೆ.

ಹವ್ಯಾಸ: ಕಣ್ಣು ತೆರೆಯುವ ಕೆಲಸ

ಹವ್ಯಾಸವೆಂದರೆ ಹಣವಂತರ ಷೋಕಿ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ನಿದರ್ಶನವಿದೆ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938-2007) ಮೈಸೂರಿನಲ್ಲಿ ಓದಿ, ಪಟ್ಟಣದ ನೌಕರಿಗೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿ ನೆಲೆಸಿದರು. ಗಾಳ ಹಾಕಿ ಮೀನು ಹಿಡಿಯುವುದು, ಹಕ್ಕಿಗಳ ಫೋಟೋ ತೆಗೆಯುವುದು, ಚಿತ್ರ ಬರೆಯುವುದು ಅವರ ಹವ್ಯಾಸಗಳು. ಇವನ್ನು ಹುಡುಕಿಕೊಂಡು ಅವರು ದೂರ ದೇಶಕ್ಕೆ ಹೋಗಬೇಕಾಗಲಿಲ್ಲ. ತೋಟದ ಅಂಚು, ಊರ ಕೆರೆ, ಪಕ್ಕದ ಹಳ್ಳ ಸಾಕಾದವು. 1980ರಲ್ಲಿ ಬಂದ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಎಲ್ಲರೂ ಹುಡುಕಿ ಹೊರಡುವುದು ಒಂದು ಹಾರುವ ಓತಿಯನ್ನು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಆ ಹಾರುವ ಓತಿ ಕಟ್ಟುಕತೆಯ ಪ್ರಾಣಿಯಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಮರದ ತೊಗಟೆಯ ಬಣ್ಣವೇ ಅದರ ಬಣ್ಣವಾದ್ದರಿಂದ ಸುಲಭವಾಗಿ ಕಾಣದು. ಬಿಸಿಲೇರಿದ ಹೊತ್ತಿನಲ್ಲಿ ತಾಳ್ಮೆಯಿಂದ ನೋಡಿದರೆ, ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಿಚ್ಚಿ ಮಡಚುವುದು ಕಾಣಬಹುದು. ಪಕ್ಕೆಲುಬಿನ ಮೇಲಿನ ಚರ್ಮವನ್ನು ರೆಕ್ಕೆಯಂತೆ ಹರಡಿ ಒಂದು ಮರದಿಂದ ಇನ್ನೊಂದಕ್ಕೆ ತೇಲುವುದನ್ನು ಒಮ್ಮೆ ಕಂಡ ಮಗು ಜೀವಮಾನದಲ್ಲಿ ಮರೆಯದು. ಖರ್ಚು? ಒಂದು ರೂಪಾಯಿಯೂ ಇಲ್ಲ.

ಒಳ್ಳೆಯ ಹವ್ಯಾಸಕ್ಕೆ ನಾನು ಮೂರು ಗುರುತು ಹೇಳುತ್ತೇನೆ. ಮೊದಲನೆಯದು, ಅದರಲ್ಲಿ ನಮ್ಮ ಕೈಯೋ ಕಣ್ಣೋ ಕಾಲೋ ದುಡಿಯಬೇಕು. ಬೇರೆಯವರು ಆಡಿದ್ದನ್ನು ನೋಡುವುದಷ್ಟೇ ಆಗಬಾರದು. ಎರಡನೆಯದು, ಅದು ನಮ್ಮನ್ನು ಮನೆಯವರಿಗೆ ಹತ್ತಿರ ತರಬೇಕು. ಮೂರನೆಯದು, ಅದರಿಂದ ಸಾಲವೂ ಜಗಳವೂ ಹುಟ್ಟಬಾರದು. ನಿಮ್ಮ ಫೋನನ್ನು ಈ ಮೂರು ಗುರುತುಗಳಿಗೆ ಒಡ್ಡಿ ನೋಡಿ. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಾಲ್ಕು ಫೋನು ಹಿಡಿದು ಕುಳಿತ ಮನೆಯಲ್ಲಿ ಬಿಡುವಿದೆ, ಜೊತೆಯಿಲ್ಲ.

ನಾಲ್ಕು ಕಾಲ, ನಾಲ್ಕು ಬಗೆಯ ಭಾನುವಾರ

ನಮ್ಮ ಬೆಟ್ಟದ ಬದುಕು ಕಾಫಿ ಗಿಡದ ಪಂಚಾಂಗದಂತೆ ನಡೆಯುತ್ತದೆ. ಬಿಡುವಿನ ಯೋಜನೆಯೂ ಅದಕ್ಕೆ ಹೊಂದಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹೊರಗೆ ಇಂಬಳ, ಕೆಸರು, ಕೆಲವು ಸಲ ವಾರಗಟ್ಟಲೆ ಕರೆಂಟಿಲ್ಲ. ಮನೆಯೊಳಗಿನ ಹವ್ಯಾಸಗಳಿಗೆ ಇದೇ ಸಮಯ. ಅಟ್ಟದ ಮೇಲಿರುವ ಅಳಗುಳಿಮಣೆಯನ್ನು ಕೆಳಗಿಳಿಸಿ. ಅಜ್ಜಿಯ ಬಳಿ ಆಟದ ಕ್ರಮವನ್ನು ಮಕ್ಕಳು ಕಲಿಯಲಿ. ಊಟದ ನಂತರ ಒಬ್ಬರು ಗಟ್ಟಿಯಾಗಿ ಒಂದು ಪುಸ್ತಕ ಓದಲಿ, ಉಳಿದವರು ಕೇಳಲಿ. ಹಳೆಯ ಎಸ್ಟೇಟುಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ಪದ್ಧತಿಯಿದೆ. ಆ ಕೆಲಸವನ್ನು ಮನೆಯ ಮಗುವಿಗೆ ಒಪ್ಪಿಸಿ. ಒಂದು ನೋಟ್‌ಬುಕ್ ಕೊಡಿ. ಐದು ವರ್ಷ ಬರೆದ ಮಗು ಮುಂದೆ ಮಳೆಯ ವಿಷಯದಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬುವುದಿಲ್ಲ, ಲೆಕ್ಕ ಕೇಳುತ್ತದೆ.

ಅಕ್ಟೋಬರ್, ನವೆಂಬರ್ ಹೊರಸಂಚಾರಕ್ಕೆ ಹೇಳಿಸಿದ ತಿಂಗಳುಗಳು. ಬೆಟ್ಟವಿನ್ನೂ ಹಸಿರು, ಹಳ್ಳದಲ್ಲಿ ನೀರಿದೆ. ಹೇಮಾವತಿ ನದಿ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಜಾಗವನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ನೋಡಿದ್ದಾರೆ? ಕಳಸದ ಕಡೆಯವರಿಗೆ ಭದ್ರೆ ಮನೆಯ ಪಕ್ಕದಲ್ಲೇ ಇದೆ. ಮುಂಜಾನೆ ಹೊರಟರೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು, ಹಳ್ಳದ ಬದಿಯಲ್ಲಿ ಸಿಳ್ಳಾರದ ಹಾಡು ಕೇಳಬಹುದು. ಕೆಲವು ವರ್ಷ ಬೆಟ್ಟದ ಮೇಲೆ ಕುರಿಂಜಿ ಅರಳುತ್ತದೆ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲು ನೀಲಿಯಾದದ್ದು ನಿಮಗೆ ನೆನಪಿರಬಹುದು. ಹನ್ನೆರಡು ವರ್ಷ ಕಾದು ಅರಳುವ ಹೂವನ್ನು ಕಿತ್ತು ಮನೆಗೆ ತರಬಾರದು ಎಂಬ ಪಾಠವನ್ನು ಮಕ್ಕಳು ಅಲ್ಲಿಯೇ ನಿಂತು ಕಲಿಯಲಿ.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲು. ಮನೆ ಬಿಟ್ಟು ಹೋಗಲಾಗದು. ಚಿಂತೆಯಿಲ್ಲ, ಕಣ ಇದೆಯಲ್ಲ! ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ದೀಪ ಆರಿಸಿ ಕಣದಲ್ಲಿ ಕಂಬಳಿ ಹೊದ್ದು ಕುಳಿತುಕೊಳ್ಳಿ. ಮರಗಳ ಮರೆಯಿಲ್ಲದ ಅಷ್ಟು ಅಗಲವಾದ ಆಕಾಶ ತೋಟದಲ್ಲಿ ಬೇರೆಲ್ಲೂ ಸಿಗದು. ಗುಂಪಾಗಿ ಮಿನುಗುವ ಕೃತ್ತಿಕೆಯನ್ನೂ, ಮೂರು ನಕ್ಷತ್ರಗಳ ಸೊಂಟಪಟ್ಟಿಯ ಮಹಾವ್ಯಾಧನನ್ನೂ ತೋರಿಸಿ. ಅವನ ಭುಜದಲ್ಲಿ ಕೆಂಪಗೆ ಹೊಳೆಯುವುದೇ ಆರ್ದ್ರಾ ನಕ್ಷತ್ರ. ಜೂನ್ ಕೊನೆಯಲ್ಲಿ ನಾವು ಕಾಯುವ ಆರಿದ್ರಾ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಇದೇ ಎಂದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ.

ಮಾರ್ಚ್‌ನಿಂದ ಮೇವರೆಗೆ ಹೂಮಳೆಯ ಕಾಲ, ಜೊತೆಗೆ ಶಾಲೆಯ ರಜೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗಿ, ಎರಡು ಮೂರು ದಿನಕ್ಕೇ ಬಾಡುತ್ತದೆ. ಆ ಒಂದು ಬೆಳಗ್ಗೆಯಾದರೂ ಮನೆಮಂದಿ ಒಟ್ಟಾಗಿ ತೋಟದಲ್ಲಿ ಸುತ್ತಾಡಿ, ಜೇನ್ನೊಣಗಳ ಸದ್ದು ಕೇಳಿ. ಇಳುವರಿಯ ಮಾತು ಅಂದು ಬೇಡ. ರಜೆಯಲ್ಲಿ ಒಂದು ದಿನ ಚರಿತ್ರೆ ನೋಡಲು ಹೊರಡಿ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ, ಅಂದರೆ ಹಿಂದಿನ ಸೊಸೆವೂರು, ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಬೆಳವಾಡಿಯ ಮೂರು ಗರ್ಭಗುಡಿಗಳ ವೀರನಾರಾಯಣ ದೇವಾಲಯ, 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಾಲಯ ಎರಡೂ ನಮ್ಮ ಜಿಲ್ಲೆಯವೇ. ನಮ್ಮ ನೆಲದ ಶಿಲ್ಪಿಗಳ ಕೈಚಳಕ ನಮ್ಮೆಲ್ಲರ ಆಸ್ತಿ. ಗೌರವದಿಂದ ನೋಡಿ, ಪರಿಚಯದ ಹಿರಿಯರೊಬ್ಬರಿಂದ ವಿವರ ಕೇಳಿ ತಿಳಿಯಿರಿ.

ಬೇರೆಯವರ ವಾರಾಂತ್ಯವೇ ನಮ್ಮ ದುಡಿಮೆಯಾದಾಗ

ಈಗ ನಮ್ಮಲ್ಲಿ ಹೊಸದೊಂದು ಪರಿಸ್ಥಿತಿ ಬಂದಿದೆ. ಶನಿವಾರ ಬೆಳಗಾದರೆ ಬೆಂಗಳೂರಿನ ಕಾರುಗಳು ಘಾಟಿ ಹತ್ತುತ್ತವೆ. ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ದಾರಿಯಲ್ಲಿ ದಟ್ಟಣೆ ಎಷ್ಟಾಯಿತೆಂದರೆ 2025ರಲ್ಲಿ ಜಿಲ್ಲಾಡಳಿತ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ತರಬೇಕಾಯಿತು. ಬರುವವರು ಬರಲಿ, ಅವರೂ ದಣಿದವರೇ. ಆದರೆ ಹೋಂಸ್ಟೇ ನಡೆಸುವ ಕುಟುಂಬಗಳು, ಜೀಪು ಓಡಿಸುವ ತಂದೆಯರು, ಹೋಟೆಲಿನಲ್ಲಿ ದುಡಿಯುವ ಯುವಕ ಯುವತಿಯರು ತಮ್ಮ ಭಾನುವಾರವನ್ನು ಮಾರಿ ಇನ್ನೊಬ್ಬರ ಭಾನುವಾರವನ್ನು ನಡೆಸಿಕೊಡುತ್ತಿದ್ದಾರೆ.

ಇವರಿಗೆ ನನ್ನ ಸಲಹೆ ಸರಳ. ಅತಿಥಿಗಳು ಕಡಿಮೆ ಇರುವ ಮಂಗಳವಾರವನ್ನೋ ಬುಧವಾರವನ್ನೋ ನಿಮ್ಮ ಮನೆಯ ಬಿಡುವಿನ ದಿನವೆಂದು ಗೊತ್ತುಮಾಡಿ. ಶಾಲೆ ಬಿಟ್ಟ ಮೇಲಿನ ಸಂಜೆಯನ್ನಾದರೂ ಮಕ್ಕಳಿಗೆ ಕೊಡಿ. ಭಾನುವಾರ ಪೂಜೆಯ ಒಂದು ಗಂಟೆಯನ್ನು ಮಾತ್ರ ಯಾರಿಗೂ ಮಾರಬೇಡಿ. ಜಗದ್ಗುರು ಎರಡನೇ ಜಾನ್ ಪೌಲರು 1998ರ ಮೇ 31ರಂದು ಭಾನುವಾರದ ಬಗ್ಗೆಯೇ ಒಂದು ಪತ್ರ ಬರೆದರು. ವಾರಾಂತ್ಯದ ಪ್ರವಾಸ, ಕ್ರೀಡೆಗಳನ್ನು ಅವರು ಹಳಿಯಲಿಲ್ಲ. ಅವುಗಳ ಗದ್ದಲದಲ್ಲಿ ಭಾನುವಾರದ ತಿರುಳು ಕಳೆದುಹೋಗದಿರಲಿ ಎಂದು ಎಚ್ಚರಿಸಿದರು.

ತೋಟದ ಮಾಲೀಕರಿಗೂ ಒಂದು ಮಾತು. ಅಸ್ಸಾಂ ಕಡೆಯಿಂದ ದುಡಿಯಲು ಬಂದವರು ಈಗ ನಮ್ಮ ಲೈನು ಮನೆಗಳಲ್ಲಿದ್ದಾರೆ. ಭಾಷೆ ಬಾರದು, ನೆಂಟರಿಲ್ಲ. ಅವರ ಭಾನುವಾರ ಹೇಗೆ ಕಳೆಯುತ್ತದೆಂದು ಎಂದಾದರೂ ವಿಚಾರಿಸಿದ್ದೀರಾ? ಒಂದು ಚೆಂಡು, ಒಂದು ಬಲೆ, ಆಡಲು ಒಂದು ಚೂರು ಸಮತಟ್ಟು ಜಾಗ. ಇಷ್ಟು ಕೊಟ್ಟರೆ ಎಷ್ಟೋ ಮಂದಿ ಹೆಂಡದಂಗಡಿಯ ದಾರಿ ಹಿಡಿಯುವುದು ತಪ್ಪುತ್ತದೆ. ಧರ್ಮೋಪದೇಶಕಾಂಡ ನೆನಪಿಸುವ ಪರದೇಶಿ ನಮ್ಮ ತೋಟದ ಅಂಚಿನಲ್ಲೇ ಇದ್ದಾನೆ.

ಎಚ್ಚರಿಕೆಯ ಮಾತು

ಹೊರಡುವ ಮುನ್ನ ಮೂರು ವಿಷಯ ನೆನಪಿಡಿ. ಮಳೆಗಾಲದಲ್ಲಿ ಜಲಪಾತದ ಬುಡಕ್ಕೂ ಜಾರುಬಂಡೆಯ ಅಂಚಿಗೂ ಹೋಗಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಹಳ್ಳವನ್ನು ಕ್ಷಣದಲ್ಲಿ ತುಂಬಿಸಬಲ್ಲದು. ಕಳಸದ ಅಂಬುತೀರ್ಥದಂತೆ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ನೀರು ನೋಡಲು ಚೆಂದ, ಇಳಿಯಲು ಅಪಾಯ. ಎರಡನೆಯದು, ಪಿಕ್ನಿಕ್ಕಿಗೆ ಮದ್ಯ ಬೇಡವೇ ಬೇಡ. ಹೊಳೆಯ ದಡದಿಂದ ಹೆಣ ತಂದ ಮನೆಗಳಲ್ಲಿ ನಾನು ಪ್ರಾರ್ಥನೆ ಮಾಡಿದ್ದೇನೆ, ಅದನ್ನು ಇನ್ನೊಮ್ಮೆ ಮಾಡುವ ಇಷ್ಟ ನನಗಿಲ್ಲ. ಮೂರನೆಯದು, ಕೊಂಡೊಯ್ದ ಪ್ಲಾಸ್ಟಿಕ್ ನಿಮ್ಮ ಜೊತೆಯಲ್ಲೇ ಮನೆಗೆ ಬರಲಿ.

ಮತ್ತೆ ಆ ಹೊಳೆಯ ದಡಕ್ಕೆ

ಮುಂದಿನ ವರ್ಷ ಅದೇ ಅಕ್ಟೋಬರ್‌ನಲ್ಲಿ ನಾವು ಮತ್ತೆ ಪಿಕ್ನಿಕ್ ಹೋದೆವು. ಈ ಸಲ ಧರ್ಮಕೇಂದ್ರದ ಸಭೆಯಲ್ಲಿ ಮೊದಲೇ ತೀರ್ಮಾನವಾಗಿತ್ತು: ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲ ಗಂಡಸರದ್ದು, ನನ್ನನ್ನೂ ಸೇರಿಸಿ. ಕಡುಬಿನ ಆಸೆ ಬಿಟ್ಟು ಚಿತ್ರಾನ್ನ, ಮೊಸರನ್ನಕ್ಕೆ ಇಳಿದೆವು. ಅನ್ನ ತಳ ಹಿಡಿಯಿತು, ಉಪ್ಪು ಹೆಚ್ಚಾಯಿತು. ಹೆಂಗಸರು ನಮ್ಮನ್ನು ಚೆನ್ನಾಗಿ ಗೇಲಿ ಮಾಡಿದರು. ಹಿಂದಿನ ವರ್ಷ ಜೀಪಿಗೆ ಪಾತ್ರೆ ತುಂಬಿದ ಆ ತಾಯಿ ಮಧ್ಯಾಹ್ನವೆಲ್ಲ ಒಂದು ಬಂಡೆಯ ಮೇಲೆ ಕುಳಿತು, ನೀರಿನಲ್ಲಿ ಕಾಲು ಇಳಿಬಿಟ್ಟು ಹೊಳೆಯನ್ನೇ ನೋಡುತ್ತಿದ್ದರು.

ಸಂಜೆ, ಮಸಿ ಹಿಡಿದ ಕೈಗಳಲ್ಲೇ ಹೋಗಿ ಕೇಳಿದೆ: "ಇವತ್ತು ಏನು ಮಾಡಿದ್ರಿ ಅಮ್ಮ?"

"ಏನೂ ಮಾಡ್ಲಿಲ್ಲ ಫಾದರ್" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಮದುವೆಯಾದ ಮೇಲೆ ಇದೇ ಮೊದಲು."

ಅವರ ಮದುವೆಯಾಗಿ ಆಗ ಇಪ್ಪತ್ತೆಂಟು ವರ್ಷವಾಗಿತ್ತು.

ಮನೆಯಲ್ಲಿ ಒಟ್ಟಾಗಿ ಕುಳಿತು ಮಾತಾಡಿಕೊಳ್ಳಿ

1. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಎದ್ದರು? ಯಾರು ಕೊನೆಯದಾಗಿ ಮಲಗಿದರು?

2. ತಿಂಗಳಿಗೊಂದು ಭಾನುವಾರವಾದರೂ ಅಮ್ಮನಿಗೆ ಅಡುಗೆಮನೆಯಿಂದ ಪೂರ್ತಿ ರಜೆ ಕೊಡಬೇಕಾದರೆ, ಯಾವ ಕೆಲಸವನ್ನು ಯಾರು ವಹಿಸಿಕೊಳ್ಳುತ್ತೀರಿ?

3. ಮನೆಯ ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಹವ್ಯಾಸವನ್ನು ಹೇಳಲಿ. ಅಪ್ಪ ಅಮ್ಮ ಚಿಕ್ಕಂದಿನಲ್ಲಿ ಯಾವ ಹವ್ಯಾಸವನ್ನು ಬಿಟ್ಟುಬಿಟ್ಟರು? ಅದನ್ನು ಮತ್ತೆ ಶುರುಮಾಡಲು ಏನು ಬೇಕು?

4. ಮನೆಯಿಂದ ಹತ್ತು ಮೈಲಿಯೊಳಗೆ ನಾವು ಇನ್ನೂ ನೋಡದ ಜಾಗ ಯಾವುದು? ಅಲ್ಲಿಗೆ ಹೋಗುವ ದಿನವನ್ನು ಇಂದೇ ಕ್ಯಾಲೆಂಡರಿನಲ್ಲಿ ಬರೆಯಿರಿ.

5. ನಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ನಮಗಾಗಿ ದುಡಿಯುವವರಿಗೆ ವಾರದಲ್ಲಿ ಬಿಡುವಿನ ದಿನ ಯಾವುದು?

ಮುಂದಿನ ಭಾನುವಾರ ನಿಮ್ಮ ಮನೆಮಂದಿಗೆಲ್ಲ ಬಿಡುವಿನ ದಿನವಾಗಲಿ.